ಮೇಲಿನ ದಾರಿ, ಕೆಳಗಿನ ಹಳ್ಳ

ಮೊದಲ ದಿನ

ಅಕ್ಕನ ಮಗಳು ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಒಂದೇ ಕಾಡಿನಲ್ಲಿ ಬದುಕುವ ಎರಡು ಜೀವಿಗಳನ್ನು ಕಣ್ಣಾರೆ ನೋಡಿ, ಹೋಲಿಸಿ ಬರೆಯಬೇಕೆಂದು ಅವಳ ಕಾಲೇಜಿನಲ್ಲಿ ಹೇಳಿದ್ದರು. ಗೆಳತಿಯರು ಹಾವು-ಕಪ್ಪೆ, ಹುಲಿ-ಜಿಂಕೆ ಎಂದು ತಿನ್ನುವವರ ಮತ್ತು ತಿನ್ನಿಸಿಕೊಳ್ಳುವವರ ಜೋಡಿ ಹುಡುಕಿಕೊಂಡರೆ, ಇವಳು ಕೆಂದಳಿಲನ್ನೂ ಮಲಬಾರ್ ಸಿಳ್ಳಾರವನ್ನೂ ಆರಿಸಿಕೊಂಡಿದ್ದಳು. ಮರ ಹತ್ತುವ ಒಂದು ದಂಶಕ, ಎಂದರೆ ಇಲಿ-ಅಳಿಲುಗಳ ಬಳಗದ ಕಡಿದು ತಿನ್ನುವ ಪ್ರಾಣಿ; ಹಾಡುವ ಒಂದು ಹಕ್ಕಿ.

"ಒಂದು ಮರದಿಂದ ಇಳಿಯುವುದಿಲ್ಲ, ಇನ್ನೊಂದು ಹಳ್ಳ ಬಿಟ್ಟು ಹೋಗುವುದಿಲ್ಲ. ಆದರೆ ಎರಡಕ್ಕೂ ಘಟ್ಟದ ಕಾಡೇ ಬೇಕು. ಯಾಕೆ ಎಂದು ನೋಡಬೇಕು ಚಿಕ್ಕಮ್ಮ" ಎಂದಳು. ಜೂನ್ ಕೊನೆಯ ವಾರ ನನಗೂ ರಜೆ ಸಿಕ್ಕಿತು. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವುದೇಕೆ ಎಂದು ಮನೆಯಲ್ಲಿ ಕೇಳಿದವರಿಗೆ, ಸಿಳ್ಳಾರ ಹಾಡುವುದೇ ಮಳೆಗಾಲದಲ್ಲಿ ಎಂದು ಉತ್ತರ ಕೊಟ್ಟು ಹೊರಟೆವು.

ಎರಡರ ನೆಲೆಯೂ ಭೂಪಟದಲ್ಲಿ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತದೆ. ಪಶ್ಚಿಮ ಘಟ್ಟ ಎರಡಕ್ಕೂ ತವರು. ಪೂರ್ವ ಘಟ್ಟದ ಕೆಲವು ಬೆಟ್ಟಗಳಲ್ಲಿ, ಸಾತ್ಪುರದ ಕಾಡುಗಳಲ್ಲಿ ಸಹ ಎರಡೂ ಇವೆ. ಕೆಂದಳಿಲಂತೂ ಭಾರತದ ಹೊರಗೆ ಎಲ್ಲಿಯೂ ಇಲ್ಲ. ಮಹಾರಾಷ್ಟ್ರದವರು ಅದನ್ನು ಶೇಕರು ಎಂದು ಕರೆದು ರಾಜ್ಯಪ್ರಾಣಿಯ ಸ್ಥಾನ ಕೊಟ್ಟಿದ್ದಾರೆ. ಪುಣೆ ಜಿಲ್ಲೆಯ ಭೀಮಾಶಂಕರ ಅಭಯಾರಣ್ಯ ಹೆಸರಾಗಿರುವುದೇ ಅದರಿಂದ. ನಮ್ಮ ಮಲೆನಾಡಿನಲ್ಲಿ ತೋಟದ ಅಂಚಿಗೇ ಬರುವ ಪ್ರಾಣಿಯಾದ್ದರಿಂದಲೋ ಏನೋ, ಅದರ ಬಗ್ಗೆ ಅಷ್ಟು ಅಕ್ಕರೆ ಕಾಣುವುದಿಲ್ಲ. ನನಗೆ ಇದು ಬಹಳ ದಿನಗಳಿಂದ ಇರುವ ಬೇಸರ.

ಶಿವಮೊಗ್ಗ ಬಿಟ್ಟಾಗ ತುಂತುರು, ತೀರ್ಥಹಳ್ಳಿಯಲ್ಲಿ ಜಡಿಮಳೆ. ಆಗುಂಬೆಯ ಬಸ್ ನಿಲ್ದಾಣದಲ್ಲಿ ಇಳಿದಾಗ ಎದುರಿನ ಅಂಗಡಿಯ ಫಲಕ ಓದಲಾಗದಷ್ಟು ಮಂಜು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಅಲ್ಲಿ ಚಹಾ ಕುಡಿದು ಶೃಂಗೇರಿಯ ಬಸ್ಸು ಹತ್ತಿದೆವು. ಶೃಂಗೇರಿಯಿಂದ ಕಿಗ್ಗದ ಕಡೆಗೆ ಹೋಗುವ ದಾರಿಯಿಂದ ಒಳಗೆ ತಿರುಗಿದರೆ ನಮ್ಮ ಪರಿಚಯದವರ ಅಡಿಕೆ ತೋಟ, ಮನೆ. ಮನೆಯ ಹಿಂದೆ ಹಳ್ಳ. ಹಳ್ಳದ ಆಚೆ ಬೆಟ್ಟಕ್ಕೆ ಏರುವ ಕಾಡು. ಮಳೆಗಾಗಿ ಬೇಡುವವರೂ ಮಳೆ ಸಾಕಪ್ಪಾ ಎಂದು ಬೇಡುವವರೂ ಬರುವ ಋಷ್ಯಶೃಂಗೇಶ್ವರನ ಗುಡಿ ಇರುವುದು ಕಿಗ್ಗದಲ್ಲೇ. ನಾವು ಅವನಲ್ಲಿ ಬೇಡಿದ್ದು ನಡುನಡುವೆ ಒಂದಿಷ್ಟು ಹೊಳವು.

ಯಜಮಾನರು ಸಂಜೆಯೇ ಗೂಡು ತೋರಿಸಲು ಕರೆದುಕೊಂಡು ಹೋದರು. ಅಂಗಳದಿಂದ ನೂರು ಹೆಜ್ಜೆ ದೂರದಲ್ಲಿ ಒಂದು ಭಾರಿ ಹೆಬ್ಬಲಸು. ಅದರ ನೆತ್ತಿಯಲ್ಲಿ, ಕೊಂಬೆಗಳು ಸಣ್ಣದಾಗುವ ಕಡೆ, ಕಡ್ಡಿ-ಸೊಪ್ಪು ಸೇರಿಸಿ ಕಟ್ಟಿದ ದುಂಡನೆಯ ಗೂಡು. ಹದ್ದಿನ ಗೂಡಿನಷ್ಟು ದೊಡ್ಡದು. ಸ್ವಲ್ಪ ಆಚೆಯ ಧೂಪದ ಮರದಲ್ಲಿ ಇನ್ನೊಂದು, ಮಾವಿನ ಮರದಲ್ಲಿ ಹಳೆಯದಾಗಿ ಜೋತುಬಿದ್ದದ್ದು ಮತ್ತೊಂದು.

"ಮೂರು ಕುಟುಂಬವೇ?" ಎಂದು ಹುಡುಗಿ ಕೇಳಿದಳು.

"ಒಂದರದೇ ಇರಬಹುದು ತಂಗಿ. ಒಂದರಲ್ಲಿ ಮಲಗುತ್ತದೆ, ಇನ್ನೊಂದರಲ್ಲಿ ಮರಿ ಮಾಡುತ್ತದೆ, ಬೇಸರ ಬಂದರೆ ಬೇರೆಯದು ಕಟ್ಟುತ್ತದೆ. ಸೊಪ್ಪು ಹಸಿರಾಗಿದ್ದರೆ ಈಗ ವಾಸ ಇದೆ ಎಂದು ಲೆಕ್ಕ" ಎಂದರು.

ಅವರು ಹೇಳಿದ್ದು ಸರಿ. ಒಂದು ಕೆಂದಳಿಲು ತನ್ನ ವ್ಯಾಪ್ತಿಯೊಳಗೆ ಹಲವು ಗೂಡುಗಳನ್ನು ಇಟ್ಟುಕೊಳ್ಳುತ್ತದೆ. ಗೂಡಿಗೆ ಆರಿಸುವುದು ಸುತ್ತಲಿನವಕ್ಕಿಂತ ಎತ್ತರವಾಗಿ ಬೆಳೆದ, ಆದರೆ ಕೊಂಬೆಗಳು ಅಕ್ಕಪಕ್ಕದ ಮರಗಳಿಗೆ ತಾಗುವ ಮರವನ್ನು. ಈ ತಾಗುವ ಕೊಂಬೆಯೇ ಅದರ ಬದುಕಿನ ಎಲ್ಲವೂ. ಚಿರತೆಯೋ ಹದ್ದೋ ಬಂದಾಗ ಎತ್ತ ಬೇಕಾದರೂ ದಾಟಿಕೊಳ್ಳಲು ದಾರಿ ಇರಬೇಕು. ಒಂಟಿ ಮರ ಎಷ್ಟೇ ದೊಡ್ಡದಾದರೂ ಅದಕ್ಕೆ ಬೇಡ.

ಅಂದು ಗೂಡು ಮಾತ್ರ ಸಿಕ್ಕಿತು, ಗೂಡಿನೊಡೆಯ ಹೊರಬರಲಿಲ್ಲ. ಕಾಲಿಗೆ ಹತ್ತಿದ ಉಂಬಳಗಳನ್ನು ಸುಣ್ಣ ಮುಟ್ಟಿಸಿ ಬಿಡಿಸಿಕೊಂಡು ಕಳಲೆ ಪಲ್ಯ, ಬಿಸಿ ಅನ್ನ ಉಂಡು ಮಲಗಿದೆವು.

ಎರಡನೆಯ ದಿನ

ಐದೂವರೆಗೆ ಇನ್ನೂ ಕತ್ತಲು. ಮಳೆ ನಿಂತಿತ್ತು, ಮಾಡಿನ ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಹಿಂದೆ ಹಳ್ಳ ಭೋರಿಡುತ್ತಿತ್ತು. ಆ ಸದ್ದನ್ನೆಲ್ಲ ಸೀಳಿಕೊಂಡು ಯಾರೋ ಶಿಳ್ಳೆ ಹಾಕಿದರು. ಎರಡು ಸ್ವರ ಮೇಲೆ, ಒಂದು ಕೆಳಗೆ, ಒಂದಿಷ್ಟು ಮೌನ, ಮತ್ತೆ ಬೇರೆಲ್ಲಿಂದಲೋ ಎತ್ತಿಕೊಂಡ ಸ್ವರ. ರಾಗ ಹಿಡಿಯುತ್ತದೆ ಎನ್ನುವಷ್ಟರಲ್ಲಿ ಬಿಡುತ್ತದೆ. ಹಿಂದಿನ ಸಾಲು ಮತ್ತೆ ಬರುತ್ತದೆ ಎಂದು ಕಾದರೆ ಬರುವುದಿಲ್ಲ. ಬ್ರಿಟಿಷರ ಕಾಲದಿಂದಲೂ ಇದನ್ನು "ಶಿಳ್ಳೆ ಹಾಕುವ ಶಾಲಾ ಹುಡುಗ" ಎಂದು ಕರೆಯುತ್ತ ಬಂದಿದ್ದಾರೆ. ಕೇಳಿದವರಿಗೆ ಆ ಹೆಸರಿನ ಬಗ್ಗೆ ತಕರಾರು ಇರುವುದಿಲ್ಲ. ಮನುಷ್ಯರ ಶಿಳ್ಳೆಗೆ ಇಷ್ಟು ಹತ್ತಿರದ ದನಿ ನಮ್ಮ ಕಾಡಿನ ಬೇರಾವ ಹಕ್ಕಿಯದೂ ಅಲ್ಲವೆಂದು ನನ್ನ ನಂಬಿಕೆ.

ಹುಡುಗಿ ಮೊಬೈಲಿನಲ್ಲಿ ಧ್ವನಿ ಮುದ್ರಿಸುತ್ತ ಬಾಗಿಲ ಬಳಿ ಕುಳಿತಳು. ಅಜ್ಜಿ, ಎಂದರೆ ಯಜಮಾನರ ತಾಯಿ, ಆಗಲೇ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿದ್ದರು. "ಅದು ದಿನಾ ಹೀಗೆಯೇ ಕೂಸೇ. ಮಳೆಗಾಲ ಹಿಡಿದ ಮೇಲೆ ನನಗೆ ಗಡಿಯಾರ ಬೇಡ" ಎಂದರು.

ಬೆಳಕು ಹರಿದಾಗ ಹಕ್ಕಿ ಕಂಡಿತು. ಕೊಟ್ಟಿಗೆಯ ಮಾಡಿನ ತುದಿಯಲ್ಲಿ ಕುಳಿತಿತ್ತು. ಮೊದಲ ನೋಟಕ್ಕೆ ಕಪ್ಪು, ಕಾಗೆಗಿಂತ ಬಹಳ ಚಿಕ್ಕದು, ಮೈನಾಕ್ಕಿಂತ ತುಸು ದೊಡ್ಡದು. ಕೊಕ್ಕಿನಿಂದ ಬಾಲದವರೆಗೆ ಸುಮಾರು 25 ಸೆಂಟಿಮೀಟರ್. ದುರ್ಬೀನಿನಲ್ಲಿ ನೋಡುತ್ತಿರುವಾಗ ಅದು ಈ ಕಡೆಗೆ ತಿರುಗಿತು. ಹಣೆಯ ಮೇಲೆ ಒಂದು ಪಟ್ಟಿ, ಹೆಗಲ ಮೇಲೆ ಒಂದು ಮಚ್ಚೆ ಉಜ್ವಲ ನೀಲಿಯಾಗಿ ಹೊಳೆದವು. ಮತ್ತೆ ಆಚೆ ತಿರುಗಿದಾಗ ನೀಲಿ ಮಾಯವಾಗಿ ಬರೀ ಕಪ್ಪು ಉಳಿಯಿತು. ಆ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ಒಳರಚನೆ ಬೆಳಕನ್ನು ಚದುರಿಸುವುದರಿಂದ ಹುಟ್ಟುವಂಥದು. ಹಾಗಾಗಿ ಬೆಳಕಿನ ಕೋನ ತಪ್ಪಿದರೆ ಇಲ್ಲ.

ಸ್ವಲ್ಪ ಹೊತ್ತಿಗೆ ಅದು ಹಾಡು ನಿಲ್ಲಿಸಿ, ಬಾಲ ಬೀಸಣಿಗೆ ಬಿಚ್ಚಿ ಮುಚ್ಚಿ, "ಕ್ರೀ" ಎಂದು ಒಂದೇ ಒಂದು ಚೂಪಾದ ಕೂಗು ಹಾಕಿ ಹಳ್ಳದ ಕಡೆಗೆ ಜಾರಿತು. ಹಾಡಿನ ಸೌಮ್ಯಕ್ಕೂ ಈ ಕೂಗಿನ ಮೊನಚಿಗೂ ಸಂಬಂಧವೇ ಇಲ್ಲವೆನಿಸುತ್ತದೆ. ಆದರೆ ಇದರ ಊರು ನೀರಿನ ಬದಿ. ಹಳ್ಳದ ಭೋರ್ಗರೆತದಲ್ಲಿ ಕೆಳಸ್ತರದ ಸದ್ದುಗಳೇ ಹೆಚ್ಚು. ಅವುಗಳ ಮೇಲೆ ತೇಲಿ ಸಂಗಾತಿಯ ಕಿವಿಗೆ ಮುಟ್ಟಬೇಕಾದರೆ ದನಿ ಎತ್ತರದ ಶ್ರುತಿಯಲ್ಲಿರಬೇಕು. ತೊರೆಬದಿಯ ಹಲವು ಹಕ್ಕಿಗಳ ಕೂಗು ಹೀಗೆಯೇ ಚೂಪು. ಇದನ್ನು ಪುಸ್ತಕದಲ್ಲಿ ಓದುವುದೇ ಬೇರೆ. ಹಳ್ಳದ ಬದಿ ನಿಂತು, ಪಕ್ಕದಲ್ಲಿರುವವರ ಮಾತೂ ಕೇಳದಿರುವಾಗ, ಐವತ್ತು ಗಜ ಆಚೆಯಿಂದ ಆ ಕ್ರೀ ಕೇಳುವುದೇ ಬೇರೆ.

ಸಿಳ್ಳಾರವನ್ನು ಬಹುಕಾಲ ಥ್ರಷ್ ಕುಟುಂಬದಲ್ಲಿ ಇಟ್ಟಿದ್ದರು. ಈಗ ಅದು ನೊಣಹಿಡುಕಗಳ ಕುಟುಂಬಕ್ಕೆ ಸೇರಿದೆ. ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಇನ್ನೂ ಥ್ರಷ್ ಎಂದೇ ಉಳಿದಿದೆ. ಇದಕ್ಕೆ ವಿಜ್ಞಾನದ ಹೆಸರು ಇಟ್ಟದ್ದು 1831ರಲ್ಲಿ. ಕೆಂದಳಿಲಿಗೆ ಅದಕ್ಕಿಂತ ಮೊದಲೇ, 1777ರಲ್ಲಿ.

ಗಂಜಿಯೂಟ ಮುಗಿಸಿ ಹೆಬ್ಬಲಸಿನ ಕೆಳಗೆ ಹೋಗಿ ಕೊಡೆ ಹಿಡಿದು ಕಾದೆವು. ಜೂನ್‌ನಲ್ಲಿ ಅದು ಹಣ್ಣು ಬಿಟ್ಟಿರುತ್ತದೆ. ಕೈಮುಷ್ಟಿ ಗಾತ್ರದ, ಮೈತುಂಬ ಮುಳ್ಳಿನ, ಒಳಗೆ ಹಳದಿ ತೊಳೆಗಳ ಹಣ್ಣು. ನೆಲದ ಮೇಲೆ ಸಿಪ್ಪೆಯ ಚೂರುಗಳು ಬಿದ್ದಿದ್ದವು. ಹುಡುಗಿ ಒಂದನ್ನು ಎತ್ತಿ ತೋರಿಸಿದಳು: ಅಂಚಿನಲ್ಲಿ ಎರಡೆರಡು ಗೀರುಗಳು, ಉಳಿ ಹಾಕಿ ಕೆತ್ತಿದಷ್ಟು ನೇರ. ಬಾಚಿಹಲ್ಲಿನ ಗುರುತು. ದಂಶಕಗಳ ಮುಂದಿನ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಮುಂಭಾಗದ ದಂತಕವಚ ಗಟ್ಟಿ, ಹಿಂಭಾಗ ಮೆದು. ಕಡಿದಂತೆಲ್ಲ ಹಿಂಭಾಗ ಬೇಗ ಸವೆದು ಅಂಚು ತಾನೇ ಹರಿತವಾಗುತ್ತದೆ.

ಮೇಲೆ ಕೊಂಬೆ ಅಲುಗಿತು. ಗಾಳಿ ಇರಲಿಲ್ಲ. ಎಲೆಗಳ ನಡುವಿನಿಂದ ಮೊದಲು ಇಳಿದದ್ದು ಬಾಲ, ಮಾರುದ್ದ ಎನಿಸುವಂತೆ ದಟ್ಟ ಕೂದಲಿನದು. ಆಮೇಲೆ ಬೆನ್ನಿನ ಕಡುಗೆಂಪು, ಹೆಗಲ ಕಪ್ಪು, ಹೊಟ್ಟೆಯ ಕೆನೆಬಣ್ಣ. ಕಿವಿಗಳ ನಡುವೆ ಒಂದು ಬಿಳಿ ಬೊಟ್ಟು. ಮನೆಯಂಗಳದ ಮೂರು ಪಟ್ಟೆಯ ಅಳಿಲನ್ನಷ್ಟೇ ಕಂಡವರಿಗೆ ಇದು ಅಳಿಲು ಎಂದು ನಂಬಿಸುವುದು ಕಷ್ಟ. ತೂಕ ಒಂದೂವರೆಯಿಂದ ಎರಡು ಕಿಲೋ, ತಲೆಯಿಂದ ಬಾಲದ ತುದಿಯವರೆಗೆ ಅಳೆದರೆ ಎರಡೂವರೆ-ಮೂರು ಅಡಿ.

ಅದು ತಿನ್ನುವ ರೀತಿಯನ್ನು ನಾನು ಬಹಳ ಹೊತ್ತು ನೋಡಿದೆ. ಅಂಗಳದ ಅಳಿಲು ನೆಟ್ಟಗೆ ಕುಳಿತು ಎರಡು ಕೈಯಲ್ಲಿ ಕಾಳು ಹಿಡಿಯುತ್ತದೆ. ಕೆಂದಳಿಲು ಹಾಗೆ ಕೂರುವುದಿಲ್ಲ. ಕೊಂಬೆಗೆ ಅಡ್ಡವಾಗಿ, ಹಿಂಗಾಲುಗಳನ್ನು ಮಾತ್ರ ಊರಿ, ಮೈಯನ್ನು ಮುಂದಕ್ಕೆ ಬಾಗಿಸಿ ಕೆಳಗೆ ಚಾಚುತ್ತದೆ. ಈಚೆ ಬದಿ ಮೈ, ಆಚೆ ಬದಿ ತಕ್ಕಡಿಯ ಇನ್ನೊಂದು ತಟ್ಟೆಯಂತೆ ಬಾಲ. ಹಣ್ಣು ಎಟುಕದಿದ್ದಾಗ ಹಿಂಗಾಲಿನಲ್ಲಿ ಕೊಂಬೆ ಕಚ್ಚಿಕೊಂಡು ತಲೆಕೆಳಗಾಗಿ ಪೂರ್ತಿ ಜೋತುಬಿತ್ತು. ಅಳಿಲುಗಳ ಹಿಂಗಾಲಿನ ಹರಡು ಹಿಂದುಮುಂದಾಗಿ ತಿರುಗುತ್ತದೆ, ಹಾಗಾಗಿಯೇ ಅವು ತಲೆ ಕೆಳಗಾಗಿ ಮರ ಇಳಿಯಬಲ್ಲವು. ಜೋತಾಡುತ್ತಲೇ ಹಣ್ಣು ಕಿತ್ತು, ಮುಂಗೈಗಳಲ್ಲಿ ತಿರುಗಿಸಿ ತಿರುಗಿಸಿ ಮುಳ್ಳಿನ ಸಿಪ್ಪೆ ಸುಲಿದು ಕೆಳಗೆ ಎಸೆಯಿತು. ಒಂದು ಚೂರು ನನ್ನ ಕೊಡೆಯ ಮೇಲೆಯೇ ಬಿತ್ತು. ತೊಳೆ ತಿಂದು, ಬೀಜವನ್ನೂ ಕಡಿದು ತಿಂದಿತು.

ಹಣ್ಣು, ಬೀಜ, ಹೂವು, ಚಿಗುರು, ತೊಗಟೆ, ಹುಳು, ಸಿಕ್ಕರೆ ಹಕ್ಕಿಯ ಮೊಟ್ಟೆಯೂ ಅದರ ಆಹಾರ. ಯಾವ ಕಾಲಕ್ಕೆ ಯಾವುದನ್ನು, ಯಾಕೆ ತಿನ್ನುತ್ತದೆ ಎನ್ನುವುದನ್ನು ರೆನೀ ಬೋರ್ಜೆಸ್ ಎಂಬ ವಿಜ್ಞಾನಿ ಉತ್ತರ ಕನ್ನಡದ ಮಾಗೋಡಿನಲ್ಲಿ ಮತ್ತು ಭೀಮಾಶಂಕರದಲ್ಲಿ ಅಧ್ಯಯನ ಮಾಡಿದ್ದಾರೆ. ನಮ್ಮ ನಾಡಿನ ಕಾಡಿನಲ್ಲೇ ನಡೆದ ಕೆಲಸ ಅದು ಎನ್ನುವುದನ್ನು ನಮ್ಮ ಕಾಲೇಜುಗಳು ಇನ್ನಷ್ಟು ಹೇಳಿಕೊಡಬೇಕು.

"ಹಾಗಾದರೆ ಇದು ಸಿಳ್ಳಾರದ ಮೊಟ್ಟೆಯನ್ನೂ ತಿನ್ನಬಹುದಲ್ಲ ಚಿಕ್ಕಮ್ಮ?"

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ನಾವು ಮಧ್ಯಾಹ್ನ ಮೋರಿಯ ಬಳಿ ಹೋಗಬೇಕಾಯಿತು. ಊರಿನ ರಸ್ತೆ ಹಳ್ಳವನ್ನು ದಾಟುವ ಕಡೆ ಹಳೆಯ ಕಲ್ಲುಕಟ್ಟಡದ ಮೋರಿ ಇದೆ. ಸೈಜುಗಲ್ಲು ಜೋಡಿಸಿ ಕಟ್ಟಿದ್ದು. ನೀರಿನ ಮಟ್ಟಕ್ಕಿಂತ ಆಳೆತ್ತರದಲ್ಲಿ, ಒಂದು ಕಲ್ಲು ಮುಂಚಾಚಿದ ಜಾಗದಲ್ಲಿ, ಹಸಿರು ಪಾಚಿಯ ದಪ್ಪ ಗುಪ್ಪೆ. ಪಾಚಿ, ನಾರುಬೇರು, ಕೆಸರು ಮೆತ್ತಿ ಕಟ್ಟಿದ ಸಿಳ್ಳಾರದ ಗೂಡು. ದೂರದ ಸಂಕದ ಮೇಲೆ ಕುಳಿತು ದುರ್ಬೀನಿನಲ್ಲಿ ನೋಡಿದೆವು. ಹತ್ತಿರ ಹೋಗುವುದು ಸಲ್ಲದು. ತಾಯಿಯೋ ತಂದೆಯೋ, ನೋಡಲು ಎರಡೂ ಒಂದೇ ತೆರ, ಎರೆಹುಳು ಕಚ್ಚಿಕೊಂಡು ಬಂದು ಒಂದು ಬಂಡೆಯ ಮೇಲೆ ಕುಳಿತು ಸುತ್ತಲೂ ನೋಡಿ, ಆಮೇಲೆ ಮೋರಿಯೊಳಗೆ ನುಸುಳುತ್ತಿತ್ತು. ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಗಂಡು-ಹೆಣ್ಣು ಎರಡೂ ಕಾವು ಕೊಡುತ್ತವೆ, ಎರಡೂ ಉಣಿಸುತ್ತವೆ. ಮಳೆಯಲ್ಲಿ ಎರೆಹುಳು, ಬಸವನಹುಳು, ಏಡಿ, ಸಣ್ಣ ಕಪ್ಪೆ ಎಲ್ಲವೂ ಧಾರಾಳವಾಗಿ ಸಿಗುವಾಗಲೇ ಮರಿ ಮಾಡುವುದು ಇದರ ಜಾಣತನ.

ಕೆಂದಳಿಲಿಗೆ ಈ ಗೂಡು ಎಟುಕುವುದಿಲ್ಲ. ಕೆಳಗೆ ನೀರು, ಮೇಲೆ ರಸ್ತೆ, ನಡುವೆ ಒದ್ದೆ ಕಲ್ಲಿನ ಗೋಡೆ. ಅಲ್ಲಿಗೆ ಬರಬೇಕೆಂದರೆ ಅದು ನೆಲಕ್ಕೆ ಇಳಿಯಬೇಕು, ಮತ್ತು ನೆಲಕ್ಕೆ ಇಳಿಯುವುದೆಂದರೆ ಅದಕ್ಕೆ ಪ್ರಾಣಭಯ. ಒಂದೇ ಕಾಡನ್ನು ಎರಡೂ ಹಂಚಿಕೊಂಡದ್ದು ಹೀಗೆ: ಅಳಿಲಿನ ಗೂಡು ಕೈಗೆ ಸಿಗುವ ಅತಿ ಮೇಲಿನ ಕೊಂಬೆಯಲ್ಲಿ, ಹಕ್ಕಿಯ ಗೂಡು ನೀರಿನ ನೆರಳಲ್ಲಿ. ರೆಕ್ಕೆ ಇರುವುದು ಕೆಳಗೆ ಉಳಿಯಿತು, ಇಲ್ಲದ್ದು ಮೇಲೇರಿತು.

ಮೂರನೆಯ ದಿನ

ಶೃಂಗೇರಿಯಿಂದ ಜೀಪು ಮಾಡಿಕೊಂಡು ಕುದುರೆಮುಖದ ಕಡೆ ಹೊರಟೆವು. ತನಿಕೋಡಿನ ತನಿಖಾ ಠಾಣೆಯಲ್ಲಿ ಹೆಸರು, ಸಮಯ ಬರೆಸಿ ಒಳಹೊಕ್ಕೆವು. ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು. ಕೆರೆಕಟ್ಟೆಯವರೆಗೆ ರಸ್ತೆಯ ಎರಡೂ ಬದಿಯ ಮರಗಳು ಹಲವೆಡೆ ತಲೆಗೂಡಿಸಿ ನಿಂತಿವೆ. ನಡುದಾರಿಯಲ್ಲಿ ವಾಹನ ನಿಲ್ಲಿಸಬಾರದೆಂಬ ನಿಯಮ ಇದೆ, ಇರಬೇಕಾದ್ದೇ. ಚಲಿಸುವ ಜೀಪಿನಿಂದಲೇ ಹುಡುಗಿ ಗೂಡು ಎಣಿಸಲು ನೋಡಿದಳು.

ಎಸ್.ಕೆ. ಬಾರ್ಡರ್, ಎಂದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿಯ ಬಳಿ ಎಡಕ್ಕೆ ತಿರುಗಿದ ಮೇಲೆ ನೋಟ ಬದಲಾಗುತ್ತದೆ. ಬೆಟ್ಟದ ಬೆನ್ನೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಶೋಲಾ ಎನ್ನುವ ದಟ್ಟ ಕಾಡಿನ ತುಣುಕುಗಳು. ನಡುವೆ ಮಂಜು ಓಡಾಡುತ್ತಿತ್ತು. ಗಂಗಾಮೂಲದ ಈ ಬೆಟ್ಟಗಳಲ್ಲಿಯೇ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು. ಇಲ್ಲಿಂದಾಚೆಗೆ ಕೆಂದಳಿಲಿನ ದಾರಿ ತುಂಡುತುಂಡು. ಹುಲ್ಲುಗಾವಲನ್ನು ದಾಟುವ ಕೊಂಬೆ ಇಲ್ಲವಲ್ಲ. ಸಿಳ್ಳಾರಕ್ಕೆ ಹಾಗಲ್ಲ: ಒಂದು ಶೋಲಾದಿಂದ ಇಳಿಯುವ ತೊರೆಯನ್ನು ಹಿಡಿದು ಇನ್ನೊಂದಕ್ಕೆ ಹೋಗಬಹುದು. ಬಯಲು ಬಂದರೆ ಹಾರಬಹುದು. ಮನುಷ್ಯರು ಯಾವ ಮರವನ್ನೂ ಕಡಿಯುವ ಮೊದಲೇ ನಿಸರ್ಗ ಇಬ್ಬರಿಗೂ ಬೇರೆಬೇರೆ ಎಲ್ಲೆ ಹಾಕಿದೆ ಎನ್ನುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಕಡಾಂಬಿ ಅಬ್ಬಿ ರಸ್ತೆಯ ಪಕ್ಕದಲ್ಲೇ ಧುಮುಕುತ್ತದೆ. ಅಲ್ಲಿ ಇಳಿಯಲು ಅವಕಾಶ ಉಂಟು. ನೀರಿನ ಹನಿ ಮುಖಕ್ಕೆ ರಾಚುತ್ತಿತ್ತು. ಬುಡದ ಬಂಡೆಗಳ ನಡುವೆ ಒಂದು ಸಿಳ್ಳಾರ ಜಿಗಿಯುತ್ತ, ನಿಲ್ಲುತ್ತ, ಸಂದುಗಳಲ್ಲಿ ಇಣುಕುತ್ತಿತ್ತು. ಒಮ್ಮೆ ಕೊಕ್ಕು ಇಳಿಸಿ ಎತ್ತಿದಾಗ ಏಡಿ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಏಡಿ ಕೊಂಡಿ ಎತ್ತಿ ಕೊಕ್ಕನ್ನು ಹಿಡಿಯಲು ನೋಡಿತು. ಹಕ್ಕಿ ಅದನ್ನು ಬಂಡೆಗೆ ಬಡಿಯಿತು. ಕೆಳಗೆ ಹಾಕಿತು, ಮತ್ತೆ ಎತ್ತಿ ಬಡಿಯಿತು. ಒಂದು ಕಾಲು ಬಿತ್ತು, ಆಮೇಲೆ ಒಂದು ಕೊಂಡಿ. ಕೊನೆಗೆ ಕಾಲುಗಳೆಲ್ಲ ಉದುರಿದ ಬೆನ್ನನ್ನು ಅರೆಕ್ಷಣ ಕಚ್ಚಿ ಹಿಡಿದಿದ್ದು, ನುಂಗಿತು. ಬೆಳಗಿನ ಜಾವ ಅಷ್ಟು ಮೃದುವಾಗಿ ಹಾಡುವ ಹಕ್ಕಿಗೆ ಇಷ್ಟು ಗಟ್ಟಿ ಕೊಕ್ಕೂ ಇದೆ ಎಂದು ಹುಡುಗಿ ಬೆರಗಾದಳು. ಬಸವನಹುಳುವನ್ನೂ ಹೀಗೆಯೇ ಕಲ್ಲಿಗೆ ಬಡಿದು ಚಿಪ್ಪು ಒಡೆಯುತ್ತದೆ. ಅಳಿಲಿಗೆ ಉಪಕರಣ ಬಾಯಿಯಲ್ಲೇ ಇದೆ, ಇದಕ್ಕೆ ಕಲ್ಲು ಬೇಕು.

ಕುದುರೆಮುಖ ಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗಣಿ ಕಂಪನಿ ಇಲ್ಲಿ 1976ರಲ್ಲಿ ಶುರುವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ತೀರ್ಪಿಗಾಗಿ ಹೋರಾಡಿದವರಿಗೆ ಈ ತೊರೆಗಳ ನೀರು ಕುಡಿಯುವ ನಾವೆಲ್ಲ ಋಣಿಗಳು. ಖಾಲಿ ಬಿದ್ದ ಮನೆಗಳ ಸಾಲಿನಲ್ಲಿ ಮಳೆ ಸುರಿಯುತ್ತಿತ್ತು. ಹೋಟೆಲೊಂದರಲ್ಲಿ ಬಿಸಿ ಇಡ್ಲಿ ತಿಂದು ಹಿಂದಿರುಗಿದೆವು.

ಸಂಜೆ ಜಗಲಿಯಲ್ಲಿ ಹುಡುಗಿ ಪಟ್ಟಿ ಬರೆಯತೊಡಗಿದಳು. ಯಜಮಾನರು ಅಡಿಕೆ ಕೊನೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಲು ಹೊಳವಿಗಾಗಿ ಕಾಯುತ್ತ ಕುಳಿತಿದ್ದರು. ಕೆಂದಳಿಲು ಎಳನೀರು ಕೊರೆಯುತ್ತದೆ, ಕೋಕೋ ಕಾಯಿ ಹಾಳು ಮಾಡುತ್ತದೆ ಎಂದು ಅವರಿಗೂ ದೂರು ಇತ್ತು. "ಆದರೆ ಮಂಗನ ಕಾಟದ ಮುಂದೆ ಇದು ಏನೂ ಅಲ್ಲ. ನಮ್ಮ ಅಪ್ಪ ಕೋವಿ ತೆಗೆದವರಲ್ಲ. ನಾನೂ ತೆಗೆಯುವುದಿಲ್ಲ" ಎಂದರು. ಮಾತಿನಲ್ಲಿ ಹೆಮ್ಮೆಯಾಗಲಿ ಉಪದೇಶವಾಗಲಿ ಇರಲಿಲ್ಲ. ಅಜ್ಜಿ ಹಲಸಿನ ಹಪ್ಪಳ ಸುಟ್ಟು ತಂದಿಟ್ಟರು.

ನಾಲ್ಕನೆಯ ದಿನ

ಬೆಳಗ್ಗೆ ಊರಿನ ರಸ್ತೆಯಲ್ಲಿ ನಡೆದುಕೊಂಡು ಹೊರಟಾಗ ಮರಗಳ ಮೇಲೆ ಬಣ್ಣದ ಅಂಕೆಗಳು ಕಂಡವು. ತೊಗಟೆಯನ್ನು ಅಂಗೈಯಗಲ ಕೆತ್ತಿ, ಕೆಂಪು ಬಣ್ಣದಲ್ಲಿ ಬರೆದ ಸಂಖ್ಯೆಗಳು. ರಸ್ತೆ ಅಗಲ ಮಾಡುವ ಕೆಲಸ ಮಳೆಗಾಲ ಮುಗಿದ ಮೇಲೆ ಶುರುವಾಗುತ್ತದಂತೆ. ಯಜಮಾನರಿಗೆ ಗೊತ್ತಿತ್ತು, ನಮಗೆ ಹೇಳಿರಲಿಲ್ಲ.

ಅಂಕೆ ಬಿದ್ದ ಮರಗಳಲ್ಲಿ ಒಂದು ಧೂಪ. ಅದರ ಎದುರಿಗೆ, ರಸ್ತೆಯ ಆಚೆ, ಹಳೆಯ ಹಲಸು. ಎರಡರ ಕೊಂಬೆಗಳು ರಸ್ತೆಯ ಮೇಲೆ ಒಂದಕ್ಕೊಂದು ತಾಗಿದ್ದವು. ನಾವು ನೋಡುತ್ತಿರುವಾಗಲೇ ತೋಟದ ಕಡೆಯಿಂದ ಕೆಂದಳಿಲು ಬಂತು. ಹಲಸಿನ ನಡುಗೊಂಬೆಯಲ್ಲಿ ಓಡಿ, ತುದಿಯಲ್ಲಿ ಕೊಂಬೆ ಬಾಗುವವರೆಗೂ ಮುಂದೆ ಹೋಗಿ, ಆ ಬಾಗಿನಲ್ಲೇ ಎರಡು ಸಲ ಜೀಕಿ ಹಾರಿತು. ನಾಲ್ಕೂ ಕಾಲು ಚಾಚಿ, ಬಾಲ ಹಿಂದೆ ನೆಟ್ಟಗೆ. ಧೂಪದ ಸೊಪ್ಪಿನ ಮೇಲೆ ಬಿದ್ದು, ಜಾರಿ, ಹಿಡಿದು, ಮೇಲೇರಿತು. ಆಕಾಶದಲ್ಲಿ ಎಲ್ಲೋ ಸರ್ಪಹದ್ದು ಕೂಗಿದಾಗ ಕೊಂಬೆಗೆ ಮೈಯೊತ್ತಿ ಚಪ್ಪಟೆಯಾಗಿ ಬಿದ್ದುಕೊಂಡಿತು. ಕೆಳಗೆ ನಿಂತ ನಮಗೇ ಅದು ಎಲ್ಲಿದೆ ಎಂದು ತಿಳಿಯಲಿಲ್ಲ. ಅಪಾಯ ಕಳೆದ ಮೇಲೆ ಚಕ್-ಚಕ್-ಚಕ್ ಎಂದು ಕಾಡೆಲ್ಲ ಕೇಳುವಂತೆ ಬಡಬಡಿಸಿ, ಬೆಟ್ಟದ ಕಡೆಗೆ ಮರದಿಂದ ಮರಕ್ಕೆ ಹೋಯಿತು.

ಕೆಂದಳಿಲು ಒಂದು ನೆಗೆತಕ್ಕೆ ದಾಟುವುದು ಹೆಚ್ಚೆಂದರೆ ಆರು ಮೀಟರ್ ಆಸುಪಾಸು. ಎರಡು ಪಥದ ರಸ್ತೆಗೆ ಡಾಂಬರೇ ಏಳು ಮೀಟರ್. ಅದರ ಜೊತೆಗೆ ಅಂಚು, ಚರಂಡಿ, ವಿದ್ಯುತ್ ತಂತಿಗಾಗಿ ಸವರುವ ಕೊಂಬೆ. ಧೂಪ ಬಿದ್ದರೆ ತೋಟದ ಹಲಸಿಗೂ ಬೆಟ್ಟಕ್ಕೂ ನಡುವಿನ ದಾರಿ ಮುಗಿಯಿತು. ಆಮೇಲೆ ಉಳಿಯುವುದು ನೆಲ. ನೆಲದಲ್ಲಿ ನಾಯಿ, ವಾಹನ.

"ಸಿಳ್ಳಾರಕ್ಕೆ ತೊಂದರೆ ಇಲ್ಲ. ರಸ್ತೆ ಮಾಡಿದರೆ ಮೋರಿ ಮಾಡುತ್ತಾರೆ. ಮೋರಿ ಇದ್ದರೆ ಅದಕ್ಕೆ ಗೂಡಿಗೆ ಜಾಗ" ಎಂದು ಹುಡುಗಿ ಪಟ್ಟಿಯಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಮೋರಿಯ ಪಕ್ಕ ಬಂದಿದ್ದೆವು. ಅಲ್ಲಿ ಹೊಸದಾಗಿ ಇಳಿಸಿದ ಸಿಮೆಂಟ್ ಕೊಳವೆಗಳು ರಾಶಿ ಬಿದ್ದಿದ್ದವು. ಕಲ್ಲುಕಟ್ಟಡ ಒಡೆದು ಇವನ್ನು ಹೂಳುವುದು ಯೋಜನೆ. ನಾನು ಒಂದು ಕೊಳವೆಯೊಳಗೆ ಕೈಯಾಡಿಸಿದೆ. ಒಳಮೈ ನುಣುಪು. ಚಾಚಿದ ಕಲ್ಲಿಲ್ಲ, ಸಂದಿಲ್ಲ, ಪಾಚಿ ಕೂರುವ ಅಂಚಿಲ್ಲ. ಹಳೆಯ ರಸ್ತೆ ಈ ಹಕ್ಕಿಗೆ ಕೊಟ್ಟದ್ದನ್ನು ಹೊಸ ರಸ್ತೆ ವಾಪಸು ತೆಗೆದುಕೊಳ್ಳುತ್ತದೆ. ಹುಡುಗಿ ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಕೊಳವೆಯ ಚಿತ್ರ ಬರೆದಳು.

ಕೆಲಸದ ಮೇಲ್ವಿಚಾರಕರು ಬೈಕಿನಲ್ಲಿ ಬಂದರು. ಯಜಮಾನರು ಮೊದಲು ಮಾತಾಡಿದರು, ನಾನು ಆಮೇಲೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಅಮ್ಮಾ, ನಕ್ಷೆ ನನ್ನ ಕೈಯಲ್ಲಿಲ್ಲ. ಬರೆದುಕೊಡಿ, ಮೇಲಕ್ಕೆ ಕಳಿಸುತ್ತೇನೆ. ಪಂಚಾಯಿತಿಗೂ ಒಂದು ಕೊಡಿ" ಎಂದರು.

ತಮಿಳುನಾಡಿನ ವಾಲ್ಪಾರೈನಲ್ಲಿ ರಸ್ತೆಯ ಮೇಲೆ ಸಿಂಗಳೀಕಗಳಿಗಾಗಿ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಅಗ್ನಿಶಾಮಕದ ಹಳೆಯ ಕೊಳವೆಗಳನ್ನೂ ಅದಕ್ಕೆ ಬಳಸಿದ್ದಾರೆ, ಸಿಂಗಳೀಕಗಳು ಅದರ ಮೇಲೆ ನಡೆಯುವುದನ್ನು ಕಲಿತಿವೆ. ಬೇರೆ ದಾರಿಯೇ ಇಲ್ಲದಾಗ ಅದೂ ಒಂದು ದಾರಿ. ಆದರೆ ಇಲ್ಲಿ ಸೇತುವೆ ಈಗಾಗಲೇ ಇದೆ, ಯಾರೂ ಕಾಸು ಖರ್ಚು ಮಾಡದೆ ಬೆಳೆದು ನಿಂತಿದೆ. ಅದನ್ನು ಕಡಿಯದಿದ್ದರೆ ಸಾಕು.

ಮಧ್ಯಾಹ್ನ ಜಗಲಿಯಲ್ಲಿ ಅರ್ಜಿ ಬರೆದೆವು. ಹುಡುಗಿಯ ಪಟ್ಟಿಯೇ ಅದಕ್ಕೆ ಆಧಾರ. ಧೂಪವನ್ನೂ ಹಲಸನ್ನೂ ಉಳಿಸಿಕೊಂಡು ರಸ್ತೆಯನ್ನು ಆ ಐವತ್ತು ಅಡಿಯ ಮಟ್ಟಿಗೆ ಈಗಿನ ಅಗಲದಲ್ಲೇ ಬಿಡುವುದು ಮೊದಲ ಬೇಡಿಕೆ. ಮೋರಿಯನ್ನು ವಿಸ್ತರಿಸುವುದೇ ಆದರೆ ಹಳ್ಳದ ಮೇಲ್ಬದಿಯ ಕಲ್ಲಿನ ಗೋಡೆಯನ್ನು ಹಾಗೆಯೇ ಇಟ್ಟು, ಮರಿಗಳು ಹಾರಿಹೋಗುವವರೆಗೆ, ಎಂದರೆ ಮಳೆಗಾಲ ಕಳೆಯುವವರೆಗೆ, ಅದನ್ನು ಮುಟ್ಟದಿರುವುದು ಎರಡನೆಯದು. ಇವಳ ಮೊಬೈಲಿನಲ್ಲಿದ್ದ ಹಾಡನ್ನೂ ಲಗತ್ತಿಸಬಹುದೇ ಎಂದು ಕೇಳಿದಳು. ಕಾಗದಕ್ಕೆ ಹಾಡು ಲಗತ್ತಿಸಲು ಬರುವುದಿಲ್ಲ. ಗ್ರಾಮ ಸಭೆಯಲ್ಲಿ ಎದ್ದುನಿಂತು ಕೇಳಿಸುತ್ತೇನೆ ಎಂದು ಯಜಮಾನರು ಅದನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡರು.

ಅಜ್ಜಿ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಪೂರ್ತಿ ಓದಿ, ಮೊದಲ ಸಹಿ ತಾವೇ ಹಾಕಿದರು. ಪಕ್ಕದ ಮನೆಗಳಿಂದ ಇನ್ನೂ ಎಂಟು ಸಹಿ ಬಂದವು. ನಾಲ್ಕೂವರೆಗೆ ಪಂಚಾಯಿತಿ ಕಚೇರಿಯಲ್ಲಿ ಒಂದು ಪ್ರತಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಶೃಂಗೇರಿಯಿಂದ ಶಿವಮೊಗ್ಗದ ಬಸ್ಸು ಹತ್ತಿದೆವು. ಗ್ರಾಮ ಸಭೆಯ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ ಎಂದು ಯಜಮಾನರು ಹೇಳಿದ್ದಾರೆ. ಆ ದಿನಕ್ಕೆ ಹುಡುಗಿ ರಜೆ ಕೇಳುವವಳಿದ್ದಾಳೆ, ನಾನೂ ಹೋಗುವವಳಿದ್ದೇನೆ.